ಖಾಲಿ ಟ್ಯೂಬು ಹೊಳೆದ ದಸರಾ

ಹೋದ ತಿಂಗಳು ಬೊರಿವಲಿಯಲ್ಲಿ ಒಂದು ಮದುವೆಮನೆಯ ಅರಿಶಿನ ಶಾಸ್ತ್ರಕ್ಕೆ ಹೋಗಿದ್ದೆ. ಮದುಮಗಳು ನಮ್ಮ ಲ್ಯಾಬಿನಲ್ಲಿದ್ದ ಅಂಗಡಿ ಕಾಕಾ ಅವರ ಮೊಮ್ಮಗಳು. ಬಿಲ್ಡಿಂಗಿನ ಟೆರೇಸಿನ ಮೇಲೆ ಶಾಮಿಯಾನ ಹಾಕಿಸಿ, ದೊಡ್ಡ ಹಿತ್ತಾಳೆ ಪಾತ್ರೆಯಲ್ಲಿ ಅರಿಶಿನ ಕಲಸಿಟ್ಟಿದ್ದರು. ಹುಡುಗಿಗೆ ಹಚ್ಚಿ ಮುಗಿಸುವಷ್ಟರಲ್ಲಿ ನನ್ನ ಎರಡೂ ಕೈ ಮಣಿಕಟ್ಟಿನವರೆಗೆ ಹಳದಿ. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಸುತ್ತಲಿನ ಹಾಡು, ಗದ್ದಲ ಎಲ್ಲ ದೂರ ಸರಿದವು. ಕಣ್ಣ ಮುಂದೆ ಬಂದದ್ದು ಒಂದು ಫ್ರಿಜ್ಜು, ಕೆಂಪು ದಾರ ಕಟ್ಟಿದ ಅದರ ಬೀಗದ ಕೈ, ಬೆಳ್ಳಿ ಕಾಗದದಲ್ಲಿ ಸುತ್ತಿದ ಒಂದು ಪುಟ್ಟ ಬಾಟಲಿ. ಜೊತೆಗೆ ಒಂದಿಷ್ಟು ನಾಚಿಕೆ. ಅರಿಶಿನದ ವಾಸನೆಗೆ ನಾಚಿಕೆಪಡುವ ಹೆಂಗಸು ಈ ಮುಂಬೈಯಲ್ಲಿ ನಾನೊಬ್ಬಳೇ ಇರಬೇಕು.

ಎಂಟೊಂಬತ್ತು ವರ್ಷದ ಹಿಂದಿನ ಮಾತು. ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಮುಂಬೈಯ ಪೂರ್ವ ಭಾಗದ ಒಂದು ಸಂಶೋಧನಾ ಸಂಸ್ಥೆಗೆ ಫೆಲೋಶಿಪ್ ಮೇಲೆ ಬಂದಿದ್ದೆ. ಇದ್ದದ್ದು ವಿಲೆ ಪಾರ್ಲೆಯ ಚಿಕ್ಕಮ್ಮನ ಮನೆಯಲ್ಲಿ. ಬೆಳಿಗ್ಗೆ ಲೋಕಲ್‌ನಲ್ಲಿ ಅಂಧೇರಿ, ಅಲ್ಲಿಂದ ಮೆಟ್ರೊದಲ್ಲಿ ಘಾಟ್ಕೋಪರ್, ಮತ್ತೆ ಲೋಕಲ್ ಹಿಡಿದು ವಿಕ್ರೋಳಿ, ಆಮೇಲೆ ಶೇರ್ ರಿಕ್ಷಾ. ಆ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಸಲ್ವಾರಿನ ಅಂಚು ಪೂರ್ತಿ ಒಣಗಿದ್ದು ನೆನಪಿಲ್ಲ.

ಆ ಮಳೆಯಲ್ಲೇ ನಮ್ಮ ಲ್ಯಾಬಿಗೆ ‘ಸಿಡಿ ತ್ರೀ’ ಬಂತು. ಅದೊಂದು ಆಂಟಿಬಾಡಿ. ಮನುಷ್ಯರ ರಕ್ತದಲ್ಲಿ ಟಿ ಕಣ ಎಂಬ ಬಿಳಿ ಕಣಗಳಿವೆಯಲ್ಲ, ಮೈಯ ಕಾವಲುಗಾರರು, ಅವುಗಳ ಮೇಲೆ ಒಂದು ಗುರುತಿರುತ್ತದೆ. ಈ ಆಂಟಿಬಾಡಿ ಆ ಗುರುತನ್ನು ಹುಡುಕಿಕೊಂಡು ಹೋಗಿ ಅಂಟಿಕೊಳ್ಳುತ್ತದೆ. ಇಲಿಯ ಟಿ ಕಣ ಎದುರಿಗೆ ಬಂದರೂ ತಿರುಗಿ ನೋಡುವುದಿಲ್ಲ. ಅದಕ್ಕೆ ಒಂದು ಬಣ್ಣ ಕಟ್ಟಿರುತ್ತಾರೆ. ಕಣ ಎಣಿಸುವ ಮಷೀನಿನ ನೀಲಿ ಬೆಳಕು ಬಿದ್ದರೆ ಆ ಬಣ್ಣ ಹಸಿರಾಗಿ ಹೊಳೆಯುತ್ತದೆ. ಹೊಳೆದವು ಟಿ ಕಣ, ಹೊಳೆಯದೆ ಉಳಿದವು ಬೇರೆ. ಕಂಪ್ಯೂಟರಿನ ಪರದೆಯ ಮೇಲೆ ಎಡಕ್ಕೊಂದು, ಬಲಕ್ಕೊಂದು ದಿಬ್ಬ ಮೂಡುತ್ತದೆ. ಎಡದ್ದು ಕತ್ತಲೆಯ ದಿಬ್ಬ, ಬಲದ್ದು ಹೊಳೆಯುವ ದಿಬ್ಬ. ಆ ಎರಡರ ನಡುವೆ ಚೊಕ್ಕ ಕಣಿವೆ ಕಂಡ ದಿನ ನನಗೆ ಊಟ ರುಚಿಸುತ್ತಿತ್ತು.

ಬಾಟಲಿ ನನ್ನ ಕಿರುಬೆರಳಿನಷ್ಟೂ ಇರಲಿಲ್ಲ. ಅದಕ್ಕೆ ಬಿಸಿಲು ಆಗದು, ಸೆಖೆ ಆಗದು, ಹೆಪ್ಪುಗಟ್ಟುವ ಚಳಿಯೂ ಆಗದು. ಬೆಳ್ಳಿ ಕಾಗದ ಸುತ್ತಿ ಫ್ರಿಜ್ಜಿನ ನಡುವಿನ ಅರೆಯಲ್ಲೇ ಇಡಬೇಕು. ಖಾಲಿಯಾದರೆ ಹೊಸದು ಬರಲು ಮೂರು ತಿಂಗಳು ಕಾಯಬೇಕು. ಇಂಥ ನಾಜೂಕಿನ ಸಾಮಾನಿಗೆಲ್ಲ ನಮ್ಮಲ್ಲಿ ಒಬ್ಬರೇ ಕಾವಲು: ಬಸವರಾಜ ಅಂಗಡಿ, ವಿಜಯಪುರದ ಕಡೆಯವರು, ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಹಣೆಯ ತುಂಬ ವಿಭೂತಿ, ಜೇಬಿನಲ್ಲಿ ಫ್ರಿಜ್ಜಿನ ಕೀಲಿಕೈ. ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಯಲ್ಲಿದ್ದ ಒಂದು ಬಾಟಲಿಯೂ ಕೆಟ್ಟಿರಲಿಲ್ಲ. ಇದನ್ನು ಅವರು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ, ಆದರೆ ಬೇರೆ ಯಾರಾದರೂ ಹೇಳಿದರೆ ನಿಂತು ಪೂರ್ತಿ ಕೇಳುತ್ತಿದ್ದರು. ರಿಟೈರಾಗಲು ಇನ್ನು ಒಂದು ವರ್ಷವೂ ಇರಲಿಲ್ಲ. ಮರಾಠಿಯವರು, ತಮಿಳಿನವರು, ಎಲ್ಲರಿಗೂ ಅವರು ಕಾಕಾ. ನಾನು ಅವರಿಗೆ ತಂಗಿ.

ಸಿಡಿ ತ್ರೀ ಬಂದ ದಿನ ರಸ್ತೆಯಲ್ಲಿ ಮೊಣಕಾಲುದ್ದ ನೀರು. ಕೊರಿಯರ್ ವ್ಯಾನು ಗೇಟಿನಿಂದ ಎಷ್ಟೋ ದೂರದಲ್ಲಿ ನಿಂತುಬಿಟ್ಟಿತ್ತು. ಕಾಕಾ ಪ್ಯಾಂಟು ಮಡಚಿಕೊಂಡು ಹೋಗಿ, ಥರ್ಮೊಕೋಲ್ ಡಬ್ಬಿಯನ್ನು ತಲೆಯ ಮೇಲೆ ಹೊತ್ತು ತಂದರು. ತಮ್ಮ ತಲೆ ಒರೆಸಿಕೊಳ್ಳುವ ಮೊದಲು ಡಬ್ಬಿ ಬಿಚ್ಚಿ ಒಳಗೆ ಕೈಯಿಟ್ಟರು.

"ಕಾಗದದ ಮ್ಯಾಲ ಏನರ ಬರದಿರಲಿ ತಂಗಿ, ಮೊದಲ ಐಸ್ ಮುಟ್ಟಿ ನೋಡಬೇಕು. ನೋಡಿಲ್ಲೆ, ಇನ್ನೂ ಗಟ್ಟಿ ಐತಿ" ಎಂದು ನನ್ನ ಕೈಯನ್ನೂ ಹಿಡಿದು ಐಸಿಗೆ ಮುಟ್ಟಿಸಿದರು.

ನನ್ನ ಕೆಲಸ ಕಾಯಿಲೆಯವರ ರಕ್ತದಲ್ಲಿ ಟಿ ಕಣಗಳನ್ನು ಎಣಿಸುವುದು. ಅದಕ್ಕೆ ಮುಂಚೆ ಆರೋಗ್ಯವಂತರ ರಕ್ತದಲ್ಲಿ ಲೆಕ್ಕ ಸರಿಯಾಗಿ ಬರುತ್ತದೆಂದು ತೋರಿಸಬೇಕಿತ್ತು. ಆ ಆರೋಗ್ಯವಂತರೂ ಕಾಕಾನೇ. ನಮ್ಮಲ್ಲಿ ಆಗ ಅದೇ ರೂಢಿ, ಫಾರ್ಮಿಗೆ ಸಹಿ ಹಾಕಿ ಲ್ಯಾಬಿನವರೇ ಸರದಿಯಂತೆ ರಕ್ತ ಕೊಡುವುದು. ಉಳಿದವರು ಸರದಿ ಬಂದ ದಿನ ನೆಗಡಿ, ಜ್ವರ ಎನ್ನುತ್ತಿದ್ದರು. ಕಾಕಾ ಮಾತ್ರ ಗುರುವಾರ ಬೆಳಿಗ್ಗೆ ತೋಳು ಮಡಚಿಕೊಂಡು ಕೆಳಗಿನ ಮಹಡಿಯ ಸಿಸ್ಟರ್ ಹತ್ತಿರ ಹೋಗಿ, ಟ್ಯೂಬು ಹಿಡಿದುಕೊಂಡು ಬರುತ್ತಿದ್ದರು. ಪ್ರತಿಯಾಗಿ ನಾನು ಕ್ಯಾಂಟೀನಿನಲ್ಲಿ ಒಂದು ಕಟಿಂಗ್, ಅಂದರೆ ಅರ್ಧ ಲೋಟ ಚಹಾ, ಎರಡು ವಡಾಪಾವ್ ಕೊಡಿಸಬೇಕು. "ಒಂದ ನನಗ, ಒಂದ ನನ್ನ ಟಿ ಕಣಕ್ಕ" ಎನ್ನುತ್ತಿದ್ದರು.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಲೆಕ್ಕ ಕೂಡಿಬರತೊಡಗಿತ್ತು. ನವೆಂಬರ್‌ನಲ್ಲಿ ನನ್ನ ಫೆಲೋಶಿಪ್ ಮುಂದುವರಿಯಬೇಕೋ ಬೇಡವೋ ಎಂದು ನೋಡುವ ಸಮಿತಿ ಕೂರುವುದಿತ್ತು. ಮಳೆ ನಿಂತು, ಮುಂಬೈಯವರು ಅಕ್ಟೋಬರ್ ಹೀಟ್ ಎನ್ನುವ ಸೆಖೆ ಶುರುವಾಯಿತು. ಜೊತೆಗೆ ದಸರೆಯೂ ಬಂತು. ಮೈಸೂರಿನವಳಿಗೆ ದಸರೆಯಲ್ಲಿ ಊರು ಬಿಟ್ಟಿರುವುದು ಎಂಥ ಸಂಕಟವೆಂದು ಬೇರೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಮೆಟ್ರೊದಲ್ಲಿ ನಿಂತೇ ಕಣ್ಣೊರೆಸಿಕೊಂಡದ್ದುಂಟು.

ನವಮಿಯ ಹಿಂದಿನ ದಿನ ಕಾಕಾ ಫ್ರಿಜ್ಜನ್ನು ಖಾಲಿ ಮಾಡಿ ತೊಳೆದರು. ಮರುದಿನ ಆಯುಧಪೂಜೆ. ಅವರು ದಾದರ್ ಮಾರ್ಕೆಟ್ಟಿನಿಂದ ಚೆಂಡುಹೂ ತಂದು, ದೊಡ್ಡ ಮಷೀನುಗಳಿಗೆ ಹೊರಗಿನಿಂದ ಒಂದೊಂದು ಕುಂಕುಮದ ಬೊಟ್ಟಿಟ್ಟು, ಹೂ ಏರಿಸಿದರು. ನಾನು ಚಿಕ್ಕಮ್ಮನ ಮನೆಯಿಂದ ಅರಿಶಿನ ಕಲಸಿಕೊಂಡೇ ಹೋಗಿದ್ದೆ.

"ಕಾಕಾ, ನಮ್ಮ ಕಡೆ ಈಳಿಗೆಮಣೆಯಿಂದ ಹಿಡಿದು ಸೈಕಲ್‌ವರೆಗೆ ಎಲ್ಲಕ್ಕೂ ಹಚ್ಚುತ್ತೀವಿ. ಇವಕ್ಕೂ ಹಚ್ಚಿಬಿಡ್ತೀನಿ" ಎಂದೆ.

"ಮಷೀನಿಗೆ ಇಟ್ಟೀನಲ್ಲ, ಅಷ್ಟ ಸಾಕು ತಂಗಿ. ಫ್ರಿಜ್ಜಿನ ಒಳಗಿನ ಸಾಮಾನಕ್ಕ ಏನೂ ಹಚ್ಚಬ್ಯಾಡ."

ಹೂಂ ಎಂದೆ. ಅವರು ತೆಂಗಿನಕಾಯಿ ಒಡೆಯಲು ಮೆಟ್ಟಿಲ ಹತ್ತಿರ ಹೋದರು. ನಾನು ಕದ್ದು ಕದ್ದು ನನ್ನ ಪಿಪೆಟ್ಟಿನ ಹಿಡಿಗೊಂದು ಬೊಟ್ಟು, ಟ್ಯೂಬಿಡುವ ಸ್ಟ್ಯಾಂಡಿಗೊಂದು, ಕಣ ತೊಳೆಯುವ ಬಫರ್ ದ್ರಾವಣದ ಬಾಟಲಿಯ ಕುತ್ತಿಗೆಗೆ ಸುತ್ತಲೂ ಹಚ್ಚಿ ಕೈಮುಗಿದೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬಾಟಲಿ, ಮೈಯೆಲ್ಲ ಬೆವರಿತ್ತು. ಮನಸ್ಸು ಹಗುರಾಯಿತು. ಆಮೇಲೆ ಅದನ್ನು ಮರೆತೇಬಿಟ್ಟೆ.

ರಜೆ ಮುಗಿಸಿ ಬಂದ ದಿನ ಕಾಕಾ ಎಲ್ಲರಿಗೂ ಬನ್ನಿ ಕೊಟ್ಟರು. ಇಲ್ಲಿಯವರು ದಸರೆಗೆ ಕೊಡುವ ಆಪ್ಟಾ ಎಲೆಯೇ ಅದು, ಆದರೆ ಕಾಕಾ ಬಾಯಲ್ಲಿ ಬನ್ನಿ. ನಾನು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎಂದು ತಲೆಯ ಮೇಲೆ ಕೈಯಿಟ್ಟರು. ಎಲೆಯನ್ನು ಲ್ಯಾಬ್ ನೋಟ್‌ಬುಕ್ಕಿನ ಹಾಳೆಗಳ ನಡುವೆ ಇಟ್ಟುಕೊಂಡೆ.

ಆ ವಾರ ಎರಡು ಸಲ ಪ್ರಯೋಗ ಮಾಡಿದೆ. ಎರಡೂ ಸಲ ಪರದೆಯ ಮೇಲೆ ದಿಬ್ಬಗಳೇ ಇಲ್ಲ, ಉದ್ದಕ್ಕೂ ಚೆಲ್ಲಿಕೊಂಡ ಒಂದೇ ಗುಪ್ಪೆ. ಎಲ್ಲ ಕಣಗಳೂ ಹೊಳೆಯುತ್ತಿದ್ದವು. ಪಕ್ಕದಲ್ಲಿ ನಿಂತಿದ್ದ ಕಾಕಾ ಬಗ್ಗಿ ನೋಡಿ, "ಖಾಲಿ ಟ್ಯೂಬ್ ಹಾಕಿದ್ದೇನು ತಂಗಿ?" ಎಂದು ಕೇಳಿದರು.

ಖಾಲಿ ಟ್ಯೂಬ್ ಎಂದರೆ ಆಂಟಿಬಾಡಿ ಹಾಕದ, ಬರೀ ಕಣಗಳಿರುವ ಟ್ಯೂಬು. ಅದು ಹೊಳೆಯಬಾರದು. ಪ್ರತಿ ಸಲವೂ ಮೊದಲು ಅದನ್ನು ನೋಡಿಕೊಂಡೇ ಮುಂದಕ್ಕೆ ಹೋಗಬೇಕು. ಇದು ಮೊದಲ ದಿನ ಕಲಿಸುವ ಪಾಠ. ಆದರೆ ಮಷೀನು ನಮಗೆ ಸಿಗುತ್ತಿದ್ದುದು ವಾರಕ್ಕೆ ಒಂದೆರಡು ಗಂಟೆ. ಸಮಯ ಉಳಿಸಲು ನಾನು ತಿಂಗಳ ಹಿಂದೆಯೇ ಅದನ್ನು ಬಿಟ್ಟಿದ್ದೆ. ಎಂ.ಎಸ್ಸಿ. ರ‍್ಯಾಂಕಿನವಳು ನಾನು, ಟೆಕ್ನಿಷಿಯನ್ ಕೈಲಿ ಪಾಠ ಹೇಳಿಸಿಕೊಳ್ಳುವುದೇ? "ಅದೆಲ್ಲ ನನಗೆ ಗೊತ್ತು ಕಾಕಾ" ಎಂದೆ. ಆಗ ನನ್ನ ಮೂಗಿನ ತುದಿಯಲ್ಲೇ ಕೋಪವಿರುತ್ತಿತ್ತು.

ಆ ವಾರಾಂತ್ಯವೆಲ್ಲ ಯೋಚಿಸಿ ಯೋಚಿಸಿ ಕಾರಣವನ್ನು ನಾನೇ ಕಂಡುಹಿಡಿದುಬಿಟ್ಟೆ. ನವಮಿಯ ಹಿಂದಿನ ದಿನ ಫ್ರಿಜ್ ತೊಳೆದರಲ್ಲ, ಆಗ ಸಿಡಿ ತ್ರೀ ಹೊರಗೆ ಸೆಖೆಯಲ್ಲಿ ಉಳಿದು ಕೆಟ್ಟಿರಬೇಕು. ಸೋಮವಾರದ ಮೀಟಿಂಗಿನಲ್ಲಿ ನಾವು ಹತ್ತು ಜನ ಕೂತಿದ್ದೆವು. ನನ್ನ ಗೈಡ್ ಮೇಡಂ ಏನಾಯಿತೆಂದು ಕೇಳಿದರು. ಎಲ್ಲರ ಮುಂದೆ ಹೇಳಿದೆ, ಕಾಕಾ ಬಾಟಲಿಯನ್ನು ಹೊರಗಿಟ್ಟು ಕೆಡಿಸಿದ್ದಾರೆ ಎಂದು.

"ರಶ್ಮಿ, ತುಮ್ ಶೂರ್ ಹೋ?" ಎಂದರು ಮೇಡಂ.

ಹೂಂ, ಖಂಡಿತ ಎಂದೆ.

ಕಾಕಾ ಎದ್ದು ನಿಂತರು. "ಐಸಿನ್ಯಾಗ ಇತ್ತರಿ ಮೇಡಂ. ಎರಡ ಸಲ ಐಸ್ ಬದಲಿ ಮಾಡೀನಿ" ಎಂದು ಕನ್ನಡದಲ್ಲೇ ನನ್ನನ್ನು ನೋಡಿ ಹೇಳಿ, ಆಮೇಲೆ ಅದನ್ನೇ ಹಿಂದಿಯಲ್ಲಿ ಗೈಡ್ ಮೇಡಂಗೆ ಹೇಳಿದರು. ಕಾಕಾ ನನ್ನನ್ನು ಮೇಡಂ ಎಂದದ್ದು ಅದೇ ಮೊದಲು. ಜೇಬಿನಿಂದ ಕೆಂಪು ದಾರದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟರು. ಮೇಡಂ ಬೇಡ ಬೇಡ ಎಂದರೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಸದ್ಯಕ್ಕೆ ನೀನೇ ಇಟ್ಟುಕೋ ಎಂದು ಮೇಡಂ ಅದನ್ನು ನನ್ನ ಕಡೆ ತಳ್ಳಿದರು.

ಕೀಲಿಕೈ ಪರ್ಸಿನಲ್ಲಿಟ್ಟುಕೊಂಡು ಮೂರು ದಿನ ಓಡಾಡಿದೆ. ಲ್ಯಾಬಿನಲ್ಲಿ ಕಾಕಾ ಮೂಲೆಯಲ್ಲಿ ಕೂತು ಗಾಜಿನ ಸಾಮಾನು ತೊಳೆಯುತ್ತಿದ್ದರು. ಗುರುವಾರ ಬಂತು. ಈ ಸಲ ರಕ್ತಕ್ಕೆ ಯಾರನ್ನು ಕೇಳುವುದೆಂದು ನಾನು ಕಾರಿಡಾರಿನಲ್ಲಿ ಒದ್ದಾಡುತ್ತಿದ್ದರೆ, ಕಾಕಾ ತೋಳಿಗೆ ಹತ್ತಿ ಒತ್ತಿ ಹಿಡಿದುಕೊಂಡು ಬಂದು ಟ್ಯೂಬು ಕೈಗೆ ಕೊಟ್ಟರು.

"ಸಿಟ್ಟ ನನಗ ಬಂದೈತ್ರಿ ಮೇಡಂ, ರಕ್ತಕ್ಕೇನ ಬಂದೈತಿ? ತಗೋರಿ" ಎಂದು ತಿರುಗಿ ನೋಡದೆ ಹೋದರು. ವಡಾಪಾವಿಗೂ ನಿಲ್ಲಲಿಲ್ಲ.

ಆ ಟ್ಯೂಬು ಇನ್ನೂ ಬೆಚ್ಚಗಿತ್ತು. ಅದನ್ನು ಹಿಡಿದುಕೊಂಡೇ ಒಂದು ನಿರ್ಧಾರ ಮಾಡಿದೆ: ಇವತ್ತು ಖಾಲಿ ಟ್ಯೂಬು ಹಾಕುತ್ತೇನೆ. ಅವರು ಹೇಳಿದ್ದು ತಪ್ಪೆಂದು ತೋರಿಸುವುದಕ್ಕೋ, ಸರಿಯೆಂದು ತಿಳಿಯುವುದಕ್ಕೋ, ನನಗೇ ಗೊತ್ತಿರಲಿಲ್ಲ. ಕಣಗಳನ್ನು ಬೇರ್ಪಡಿಸಿ, ಬಫರ್‌ನಲ್ಲಿ ತೊಳೆದು, ಆಂಟಿಬಾಡಿಯ ಒಂದು ಹನಿಯನ್ನೂ ಹಾಕದೆ ಮಷೀನಿಗೆ ಕೊಟ್ಟೆ.

ಖಾಲಿ ಟ್ಯೂಬು ಹೊಳೆಯಿತು. ಪರದೆಯ ಮೇಲೆ ಅದೇ ಗುಪ್ಪೆ.

ಅಂದರೆ ಸಿಡಿ ತ್ರೀ ತಂಟೆಗೇ ಹೋಗದ ಕಣಗಳು ಹೊಳೆಯುತ್ತಿವೆ. ಹಾಗಾದರೆ ದೋಷ ಅದರದ್ದಲ್ಲ. ಉಳಿದದ್ದು ಬಫರ್ ಒಂದೇ. ಬಾಟಲಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ದ್ರಾವಣ ತಿಳಿಯಾಗಿಯೇ ಇತ್ತು. ಮುಚ್ಚಳ ತಿರುಗಿಸಿದೆ. ಕುತ್ತಿಗೆಯ ತಿರುಪಿನ ಗೆರೆಗಳಲ್ಲಿ, ಮುಚ್ಚಳದ ಒಳಗಂಚಿನಲ್ಲಿ, ಹಳದಿ. ನನ್ನ ಬೆರಳಿನ ಗುರುತು ಕೂಡ ಸ್ಪಷ್ಟವಾಗಿತ್ತು. ನೀಲಿ ಬೆಳಕಿಗೆ ಅರಿಶಿನವೂ ಹಸಿರಾಗಿ ಹೊಳೆಯುತ್ತದೆ, ಹೆಚ್ಚುಕಡಿಮೆ ನಮ್ಮ ಬಣ್ಣದ ಹಾಗೆಯೇ. ಬರೀ ನೀರಿನಲ್ಲಿ ಕರಗದ ಅದು ಬಫರ್‌ನಲ್ಲಿದ್ದ ಸೀರಂಗೆ, ಅಂದರೆ ರಕ್ತದ ತಿಳಿಗೆ, ಸಲೀಸಾಗಿ ಬೆರೆತು, ಮುಚ್ಚಳ ತೆಗೆದಾಗಲೆಲ್ಲ ಒಂದಿಷ್ಟು ಒಳಗಿಳಿದು, ಕಣಗಳ ಮೈಗೆ ಹತ್ತಿತ್ತು. ನಾನು ಭಕ್ತಿಯಿಂದ ಹಚ್ಚಿದ ಅರಿಶಿನ ನನ್ನ ಎರಡು ವಾರವನ್ನೂ ಕಾಕಾ ಅವರ ಇಪ್ಪತ್ತೆರಡು ವರ್ಷವನ್ನೂ ತಿಂದುಹಾಕಿತ್ತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಮೊದಲು ನನಗೆ ಹೊಳೆದದ್ದು ತಪ್ಪೊಪ್ಪಿಗೆ ಅಲ್ಲ. ಬಫರ್ ಚೆಲ್ಲಿ, ಬಾಟಲಿ ತೊಳೆದು, ಹೊಸದು ಮಾಡಿಕೊಂಡರೆ ಯಾರಿಗೂ ತಿಳಿಯುವುದಿಲ್ಲ ಎಂದು. ಕಾಕಾಗೆ ಕೀಲಿಕೈ ಕೊಟ್ಟು ಹೋಗಲಿ ಬಿಡಿ ಎಂದರಾಯಿತು. ಖಾಲಿ ಟ್ಯೂಬು ಹಾಕದೆ ತಿಂಗಳು ಕಳೆದವಳೆಂದು ಗೊತ್ತಾದರೆ ಸಮಿತಿಯವರು ನನ್ನ ಹಳೆಯ ಲೆಕ್ಕಗಳನ್ನೂ ನಂಬುವರೇ? ಈ ಯೋಚನೆಯನ್ನು ಶನಿವಾರದವರೆಗೂ ಹೊತ್ತುಕೊಂಡು ತಿರುಗಿದೆ.

ಶನಿವಾರ ಚಿಕ್ಕಮ್ಮ ಕಿಟಕಿಯ ಗ್ರಿಲ್ಲಿಗೆ ಮೇಜಿನ ಬಿಳಿ ಬಟ್ಟೆ ಕಟ್ಟುತ್ತಿದ್ದರು. ಯಾರೋ ಹುಳಿ ಚೆಲ್ಲಿದ ಹಳದಿ ಕಲೆ ಹಾಗೇ ಇತ್ತು. ಇನ್ನೊಂದು ಸಲ ಸೋಪು ಹಾಕಿ ತಿಕ್ಕಬಾರದೇ ಎಂದೆ.

"ಎಷ್ಟು ತಿಕ್ಕಿದರೂ ಅರಿಶಿನ ಹೋಗಲ್ಲ ಕಣೇ. ಒಳಗೆ ಮಡಚಿಟ್ಟರಂತೂ ಹಾಗೇ ಕೂತುಬಿಡತ್ತೆ. ಬಿಸಿಲಿಗೆ ಹಾಕಿದರೆ ತಾನೇ ಹೋಗತ್ತೆ" ಎಂದರು. ಸಾಯಂಕಾಲ ನೋಡಿದರೆ ಕಲೆ ನಿಜಕ್ಕೂ ಮಾಸಿತ್ತು. ಚಿಕ್ಕಮ್ಮನಿಗೆ ನನ್ನ ಸಂಗತಿ ಏನೂ ಗೊತ್ತಿರಲಿಲ್ಲ. ಆದರೂ ನನಗೆ ಅವರ ಮುಖ ನೋಡಲಾಗಲಿಲ್ಲ.

ಸೋಮವಾರ ಬೇಗ ಹೋದೆ. ಕಾಕಾ ಒಬ್ಬರೇ ಇದ್ದರು. ಬಾಟಲಿಯನ್ನೂ ಕೀಲಿಕೈಯನ್ನೂ ಅವರ ಮುಂದಿಟ್ಟು ಎಲ್ಲ ಹೇಳಿದೆ. ಹೇಳುತ್ತ ಅಳು ಬಂತು. ಅವರು ಬಾಟಲಿಯ ಕುತ್ತಿಗೆಯನ್ನು ತುಂಬ ಹೊತ್ತು ನೋಡಿದರು. ಕೀಲಿಕೈ ಮುಟ್ಟಲಿಲ್ಲ.

"ನನಗ ಹೇಳಿ ಏನ ಮಾಡ್ತೀರಿ? ನನಗ ಗೊತ್ತಿತ್ತು ನಾ ಕೆಡಿಸಿಲ್ಲಂತ. ಹೋದ ಸೋಮವಾರ ಎಲ್ಲಾರ ಮುಂದ ಹೇಳಿದ್ರಿ. ಇವತ್ತೂ ಸೋಮವಾರನ ಐತಿ" ಎಂದರು.

ಮೀಟಿಂಗಿನಲ್ಲಿ ನಾನೇ ಮೊದಲು ಎದ್ದೆ. ಖಾಲಿ ಟ್ಯೂಬಿನ ಚಿತ್ರ ಗೋಡೆಯ ಮೇಲೆ ತೋರಿಸಿದೆ. ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸಿದೆ. ಅರಿಶಿನ ಹಚ್ಚಿದವಳು ನಾನು, ಬೇಡವೆಂದವರು ಕಾಕಾ, ಖಾಲಿ ಟ್ಯೂಬು ಹಾಕು ಎಂದವರೂ ಕಾಕಾ, ಸುಳ್ಳು ಹೊರಿಸಿದವಳು ನಾನು ಎಂದು ಹಿಂದಿಯಲ್ಲಿ ಹೇಳಿದೆ. ಗಾಬರಿಯಲ್ಲಿ ಕ್ರಿಯಾಪದಗಳೆಲ್ಲ ಎತ್ತೆತ್ತಲೋ ಹೋದವು, ಯಾರೂ ನಗಲಿಲ್ಲ. ಆಮೇಲೆ ನೋಟ್‌ಬುಕ್ಕಿನಿಂದ ಒಣಗಿದ ಬನ್ನಿ ಎಲೆ ತೆಗೆದು, ಅದರ ಮೇಲೆ ಕೀಲಿಕೈಯಿಟ್ಟು, ಕಾಕಾ ಮುಂದೆ ಹಿಡಿದೆ.

"ಬನ್ನಿ ತಗೊಳ್ಳಿ ಕಾಕಾ. ಬಂಗಾರದ ಹಾಗೆ ಇರೋಣ."

ಕಾಕಾ ಎಲೆಯನ್ನು ನೋಡಿದರು, ನನ್ನನ್ನು ನೋಡಿದರು. "ದಸರಾ ಮುಗದ ಎರಡ ವಾರದ ಮ್ಯಾಲ ಆತಲ್ಲ ತಂಗಿ! ಹಳೇ ಬನ್ನಿ ಯಾರರ ಕೊಡ್ತಾರೇನು?" ಎನ್ನುತ್ತಲೇ ಎರಡನ್ನೂ ತೆಗೆದುಕೊಂಡು, ಎಲೆಯನ್ನು ಅಂಗಿಯ ಮೇಲಿನ ಜೇಬಿಗೆ, ಕೀಲಿಕೈಯನ್ನು ಅದರ ಹಳೆಯ ಜಾಗಕ್ಕೆ ಸೇರಿಸಿದರು. ತಂಗಿ ಎಂದರಲ್ಲ, ಅಷ್ಟು ಸಾಕಾಗಿತ್ತು ನನಗೆ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, "ಅಬ್ ಚಾಯ್ ಮಂಗಾವ್" ಎಂದು ಚಹಾ ತರಿಸಿದರು.

ಬಾಟಲಿಯಲ್ಲಿ ಇನ್ನೂ ನಾಲ್ಕು ಟ್ಯೂಬಿಗಾಗುವಷ್ಟು ಸಿಡಿ ತ್ರೀ ಉಳಿದಿತ್ತು. ಹೊಸ ಬಫರ್ ಮಾಡಿ, ಆ ಗುರುವಾರ ಕಾಕಾ ರಕ್ತದಲ್ಲೇ ಮತ್ತೆ ಪ್ರಯೋಗ ಮಾಡಿದೆ. ಮೊದಲು ಖಾಲಿ ಟ್ಯೂಬು. ಎಡಗಡೆ ಒಂದೇ ದಿಬ್ಬ, ಪೂರ್ತಿ ಕತ್ತಲೆ. ಆಮೇಲೆ ಸಿಡಿ ತ್ರೀ ಹಾಕಿದ್ದು. ಎರಡು ದಿಬ್ಬ, ನಡುವೆ ಚೊಕ್ಕ ಕಣಿವೆ. ಸಿಡಿ ತ್ರೀ ಕೆಟ್ಟಿರಲೇ ಇಲ್ಲ. ಇಪ್ಪತ್ತೆರಡು ವರ್ಷದ ಕಾವಲು ಹಾಗೇ ಉಳಿದಿತ್ತು.

ಕಾಕಾ ಬಲಗಡೆಯ ದಿಬ್ಬಕ್ಕೆ ಬೆರಳಿಟ್ಟು, "ಇವೆಲ್ಲಾ ನನ್ನವೇನು?" ಎಂದರು.

"ಎಲ್ಲಾ ನಿಮ್ಮವೇ ಕಾಕಾ."

"ಹಂಗಾರ ಇವತ್ತ ಮೂರು ವಡಾಪಾವ್" ಎಂದರು.

ನವೆಂಬರಿನ ಸಮಿತಿಯ ಮುಂದೆ ಅರಿಶಿನದ ಚಿತ್ರವನ್ನೂ ತೋರಿಸಿದೆ. ಬೈದರು, ಖಾಲಿ ಟ್ಯೂಬು ಇಲ್ಲದ ಲೆಕ್ಕಗಳನ್ನೆಲ್ಲ ಮತ್ತೆ ಮಾಡು ಎಂದರು, ಫೆಲೋಶಿಪ್ ಮುಂದುವರಿಸಿದರು. ಕಾಕಾ ಜೂನ್‌ನಲ್ಲಿ ರಿಟೈರಾದರು. ಈಗ ವಿಕ್ರೋಳಿಯ ಮನೆ ಬಿಟ್ಟು ಬೊರಿವಲಿಯಲ್ಲಿ ಮಗನ ಜೊತೆ ಇದ್ದಾರೆ. ನಾನು ಅದೇ ಸಂಸ್ಥೆಯಲ್ಲಿ ಉಳಿದುಕೊಂಡೆ.

ಅರಿಶಿನ ಶಾಸ್ತ್ರದ ದಿನ ಟೆರೇಸಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ಕಾಕಾ, ನನ್ನ ಹಳದಿ ಕೈ ನೋಡಿ ಹತ್ತಿರ ಕರೆದರು. ಕಿವಿ ಸ್ವಲ್ಪ ಮಂದವಾಗಿದೆ, ದನಿ ಮಾತ್ರ ಹಾಗೇ ಇದೆ.

"ನಾಳೆ ಮಷೀನ್ ಬುಕ್ ಐತೇನು ತಂಗಿ?"

"ಹೂಂ ಕಾಕಾ, ಹತ್ತು ಗಂಟೆಗೆ."

ಅವರು ನನ್ನ ಎರಡು ಕೈಯನ್ನೂ ತಿರುಗಿಸಿ ತಿರುಗಿಸಿ ನೋಡಿ, "ಮೂರು ಸಲ ತೊಳ್ಕೊ. ಆಮ್ಯಾಲ ಖಾಲಿ ಟ್ಯೂಬ್ ಮೊದಲ ಹಾಕು" ಎಂದರು. ಪಕ್ಕದಲ್ಲಿದ್ದ ಹೆಂಗಸರು ಏನೂ ತಿಳಿಯದೆ ಮುಖ ಮುಖ ನೋಡಿಕೊಂಡರು.

ಮರುದಿನ ಮೊದಲು ಅದನ್ನೇ ಹಾಕಿದೆ. ಉಗುರಿನ ಸಂದಿಯಲ್ಲಿ ಇನ್ನೂ ಹಳದಿಯಿತ್ತು, ಎರಡು ಜೊತೆ ಕೈಗವಸು ಹಾಕಿಕೊಂಡಿದ್ದೆ. ಪರದೆ ನೋಡಿ, ಹೊರಗೆ ಕಾರಿಡಾರಿಗೆ ಬಂದು, ಬೊರಿವಲಿಗೆ ಫೋನ್ ಮಾಡಿದೆ.

"ಕಾಕಾ, ಖಾಲಿ ಟ್ಯೂಬ್ ಖಾಲಿಯಾಗೇ ಇದೆ."

"ಹಾಂ, ಈಗ ಮುಂದಿನ ಕೆಲಸ ಮಾಡು" ಎಂದು ಫೋನಿಟ್ಟರು.